ಖಾಲಿ ಸೀಟು, ತುಂಬಿದ ಹಿನ್ನೀರು: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರಿಗೆ,

ವಂದನೆಗಳು. ನೀವು ಕಳುಹಿಸಿದ ಪ್ರವಾಸ ಲೇಖನ ನನ್ನ ಕೈಸೇರಿ ಮೂರು ವಾರಗಳಾದವು. ಮೊದಲ ಓದಿನಲ್ಲಿ ಅದು ನನಗೆ ಹಿಡಿಸಿತು, ಎರಡನೆಯ ಓದಿನಲ್ಲಿ ಹಿಡಿಸಲಿಲ್ಲ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯಲು ಮೂರನೆಯ ಸಲ ಓದಬೇಕಾಯಿತು. ಉತ್ತರ ತಡವಾದದ್ದಕ್ಕೆ ಬೇರೆ ಕಾರಣವೇನೂ ಇಲ್ಲ. ಕಾರ್ತಿಕ ಮಾಸದಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ಬೆಂಗಳೂರಿನಿಂದ ಸಾಗರಕ್ಕೆ ಬಂದು, ಜೋಗ ನೋಡಿ, ಶರಾವತಿ ಹಿನ್ನೀರಿನ ಹೊಸ ಸೇತುವೆ ದಾಟಿ, ಸಿಗಂದೂರು, ತುಮರಿ, ನಾಗೋಡಿಗಳ ಮೂಲಕ ಕೊಲ್ಲೂರಿಗಿಳಿದು, ಮರವಂತೆಯ ಕಡಲ ಎದುರು ಪ್ರಯಾಣ ಮುಗಿಸಿದ್ದೀರಿ. ಇದೇ ದಾರಿಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಒಂದು ಹಳೆಯ ಮಾರುತಿ 800 ಕಾರಿನಲ್ಲಿ ನಾನೂ ಒಬ್ಬನೇ ಹೋಗಿದ್ದೆ ಮತ್ತು ಬಂದ ಮೇಲೆ ಲೇಖನವನ್ನೂ ಬರೆದಿದ್ದೆ. ಆದ್ದರಿಂದ ನಾನು ಇಲ್ಲಿ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಮೊದಲು ನನ್ನವು ಎಂದೇ ತಿಳಿಯಿರಿ.

ಮೊದಲು ಒಂದು ಸಣ್ಣ ತಕರಾರನ್ನು ಮುಗಿಸಿಬಿಡುತ್ತೇನೆ. ನಾಗೋಡಿಯಿಂದ ಕೊಲ್ಲೂರಿಗೆ ಘಾಟಿ ಇಳಿಯುವ ಭಾಗದಲ್ಲಿ, ಪ್ರತಿ ತಿರುವಿನಲ್ಲೂ ತೆರೆದುಕೊಂಡ ಹಸಿರು ಕಣಿವೆಯನ್ನು ಮೈಮರೆತು ನೋಡುತ್ತಾ ಸಾಗಿದೆ ಎಂದು ಬರೆದಿದ್ದೀರಿ. ಸ್ಟಿಯರಿಂಗ್ ಹಿಡಿದವರಿಗೆ ಅದು ಸಾಧ್ಯವಿಲ್ಲ. ಸಾಧ್ಯವಾಗಿದ್ದರೆ ನಿಮ್ಮ ಲೇಖನ ನನ್ನ ಕೈಸೇರುತ್ತಿರಲಿಲ್ಲ. ಘಾಟಿ ಇಳಿಯುವಾಗ ಚಾಲಕನ ಕಣ್ಣಿಗೆ ಬೀಳುವುದು ಪಾಚಿಗಟ್ಟಿದ ತಡೆಗೋಡೆ, ದರೆಯಿಂದ ಜಿನುಗಿ ರಸ್ತೆಗೆ ಅಡ್ಡ ಹರಿದ ನೀರಿನ ಹೊಳಪು, ತಿರುವಿನಾಚೆಯಿಂದ ಇದ್ದಕ್ಕಿದ್ದಂತೆ ಮೂತಿ ತೋರಿಸುವ ಬಸ್ಸು. ಹತ್ತುವ ಗೇರಿನಲ್ಲೇ ಇಳಿಯಬೇಕು, ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬ ಹಳೆಯ ಚಾಲಕರ ಪಾಠವನ್ನು ನೆನೆಯುತ್ತಾ, ಎರಡನೆಯ ಗೇರಿನಲ್ಲಿ ಎಂಜಿನ್ ನರಳುವುದನ್ನು ಕೇಳುತ್ತಾ, ಬೆವರಿದ ಅಂಗೈಯನ್ನು ಆಗಾಗ ತೊಡೆಗೆ ಒರೆಸಿಕೊಳ್ಳುತ್ತಾ ನೀವು ಇಳಿದಿರಬೇಕು. ಅದು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಈಗ ಇರುವುದು ಪಕ್ಕದ ಸೀಟಿನಲ್ಲಿ ಕುಳಿತವರ ಕಣ್ಣಿನಿಂದ ಬರೆದ ಪ್ಯಾರಾ, ಆ ಸೀಟು ಖಾಲಿಯಿತ್ತೆಂದು ನೀವೇ ಮೊದಲ ಪುಟದಲ್ಲಿ ಹೇಳಿದ್ದೀರಿ. ಕಣಿವೆ ಬೇಕಿದ್ದರೆ ಕಾರು ನಿಲ್ಲಿಸಿದ ಜಾಗವನ್ನು ಹೇಳಿ, ಇಳಿದು ನಿಂತು ನೋಡಿದ್ದನ್ನು ಬರೆಯಿರಿ.

ಇನ್ನು ಹಿನ್ನೀರಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಸೇತುವೆಯ ನಡುವೆ ಕಂಡ ದೃಶ್ಯವನ್ನು ನೀವು ನಿಸರ್ಗವು ತನ್ನ ಕೈಯಾರೆ ಹರಡಿಟ್ಟ ನೀಲಿ ಸರೋವರ ಎಂದು ಕರೆದು, ಅದರಲ್ಲಿ ತೇಲುವ ಪುಟ್ಟ ದ್ವೀಪಗಳನ್ನು ಮುತ್ತುಗಳಿಗೆ ಹೋಲಿಸಿದ್ದೀರಿ. ಆ ನೀರನ್ನು ಅಲ್ಲಿ ನಿಲ್ಲಿಸಿದ್ದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು. ನೀವು ದ್ವೀಪವೆಂದದ್ದು ಮುಳುಗದೆ ಉಳಿದ ಗುಡ್ಡಗಳ ನೆತ್ತಿ. ಅವುಗಳ ಬುಡದಲ್ಲಿ ಊರುಗಳಿದ್ದವು, ಗದ್ದೆ ತೋಟಗಳಿದ್ದವು, ಹೊಳೆ ತನ್ನ ಪಾತ್ರದಲ್ಲಿ ಹರಿಯುತ್ತಿತ್ತು. ಅದಕ್ಕೂ ಮೊದಲು ಜೋಗದ ವಿದ್ಯುದಾಗಾರಕ್ಕಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ದೊಡ್ಡ ನೀರಿನಲ್ಲಿ ಮುಳುಗಿಹೋಯಿತು, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆದ್ದು ಕಾಣಿಸುತ್ತದೆ. ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಲಿಂಗನಮಕ್ಕಿಯ ಮಟ್ಟವನ್ನು; ಗರಿಷ್ಠ 1819 ಅಡಿ ಎಂಬುದು ಅಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಕರೂರು ಮತ್ತು ಬಾರಂಗಿ ಹೋಬಳಿಗಳು ಮೂರು ಕಡೆ ನೀರು ಸುತ್ತಿಕೊಂಡು ನಡುಗಡ್ಡೆಯಂತಾದವು. ಮನೆ ಕಳೆದುಕೊಂಡವರು ಜಿಲ್ಲೆಯ ಬೇರೆಬೇರೆ ಕಡೆ ಕಾಡು ಕಡಿದು ಹೊಸದಾಗಿ ಬದುಕು ಹೂಡಿದರು, ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ತಾವು ಉಳುವ ಆ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ.

ಇದನ್ನೆಲ್ಲ ಲೇಖನಕ್ಕೆ ತುರುಕಿ ಅದನ್ನು ಗೆಜೆಟಿಯರ್ ಮಾಡಿ ಎಂದು ನಾನು ಹೇಳುತ್ತಿಲ್ಲ. ನೀರು ಚೆಲುವಾಗಿ ಕಂಡಿದ್ದರೆ ಚೆಲುವೆಂದೇ ಬರೆಯಿರಿ. ಕಾರ್ತಿಕದ ಬಿಸಿಲಿನಲ್ಲಿ ಅದು ಚೆಲುವಾಗಿಯೇ ಇರುತ್ತದೆ, ಮುಳುಗಡೆಯವರೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಿಳಿದು ಬರೆದವರ ಕ್ರಿಯಾಪದ ಬೇರೆಯಾಗುತ್ತದೆ. ‘ನೀರು ಹರಡಿಕೊಂಡಿದೆ’ ಎನ್ನುವುದಕ್ಕೂ ‘ನೀರು ನಿಂತಿದೆ’ ಎನ್ನುವುದಕ್ಕೂ ಎಷ್ಟು ದೂರವಿದೆ ನೋಡಿ. ಎರಡನೆಯದರಲ್ಲಿ ನಿಲ್ಲಿಸಿದವರು ಯಾರೋ ಇದ್ದಾರೆಂಬ ಗುಮಾನಿ ತಾನಾಗಿಯೇ ಹುಟ್ಟುತ್ತದೆ. ಅಷ್ಟು ಸಾಕಾಗುವ ಕಡೆ ಅಷ್ಟೇ ಮಾಡಿ. ಜೋಗದ ಬಗ್ಗೆಯೂ ಇದೇ ಮಾತು: 253 ಮೀಟರ್ ಎತ್ತರದಿಂದ ಬೀಳಬೇಕಾದ ನೀರು ಬಡಕಲಾಗಿತ್ತೆಂದು ಬೇಸರಪಟ್ಟಿದ್ದೀರಿ. ಉಳಿದ ನೀರು ಕೊಳವೆಗಳಲ್ಲಿ ಇಳಿದು ವಿದ್ಯುತ್ತಾಗುತ್ತದೆ, ಬಹುಶಃ ನೀವು ಆ ಬೇಸರವನ್ನು ಬರೆದುಕೊಂಡ ರಾತ್ರಿ ನಿಮ್ಮ ಮೇಜಿನ ಮೇಲೂ ಅದೇ ಉರಿಯುತ್ತಿತ್ತು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನಾನು ಹೋದಾಗ ಸೇತುವೆ ಇರಲಿಲ್ಲ, ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚ್ ಇತ್ತು. ಅದು ಹೊರಡುವ ಹೊಳೆಬಾಗಿಲಿನಲ್ಲಿ ವಾಹನಗಳ ಸಾಲು ದಿಬ್ಬದ ಮೇಲಿನವರೆಗೆ ನಿಂತಿತ್ತು. ಮೂರು ಗಂಟೆ ಕಾಯಬೇಕಾಯಿತು. ಮೇ ತಿಂಗಳಾದ್ದರಿಂದ ನೀರು ಬಹಳ ಇಳಿದು, ಕೆಂಪು ದಡ ಮೆಟ್ಟಿಲು ಮೆಟ್ಟಿಲಾಗಿ ಬಿರುಕುಬಿಟ್ಟಿತ್ತು, ಅಲ್ಲಲ್ಲಿ ಸತ್ತ ಮರಗಳ ಕಪ್ಪು ಬೊಡ್ಡೆಗಳು ನೀರಿನಿಂದ ತಲೆಯೆತ್ತಿದ್ದವು. ನನ್ನ ಕಾರಿನ ಹಿಂದೆ ಬೈಕಿನಲ್ಲಿ ಹಿಂಡಿಯ ಚೀಲ ಹೇರಿಕೊಂಡು ನಿಂತಿದ್ದ ವ್ಯಕ್ತಿಯೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಾ, ನಾನು ಕೇಳದಿದ್ದರೂ, ನೀರಿನ ಕಡೆ ಬೆರಳು ಮಾಡಿ, ‘ಅಕಾ, ಆ ಬೊಡ್ಡೆ ಐತಲ, ಅಲ್ಲಿಂದ ಎಡಕ್ಕೆ ಹೋದ್ರೆ ನಮ್ಮಜ್ಜನ ಮನೆ’ ಎಂದರು. ಹೋದರೆ ಸಿಗುತ್ತದೆ ಎಂಬಂತೆ, ಪಕ್ಕದ ಕೇರಿಗೆ ದಾರಿ ಹೇಳುವ ದನಿಯಲ್ಲಿ. ಅವರ ವಯಸ್ಸು ನೋಡಿದರೆ ಆ ಮನೆ ಮುಳುಗಿದಾಗ ಅವರು ಹುಟ್ಟಿರಲೂ ಇಲ್ಲ.

ಊರಿಗೆ ಮರಳಿ ನಾನು ಬರೆದ ಲೇಖನದಲ್ಲಿ ಈ ಮನುಷ್ಯ ಇರಲಿಲ್ಲ. ಏಕೆಂದರೆ ಆ ಲೇಖನದ ವಸ್ತು ಏಕಾಂತವಾಗಿತ್ತು. ವಿಶಾಲವಾದ ಜಲರಾಶಿಯ ಎದುರು ಒಬ್ಬಂಟಿಯಾಗಿ ನಿಂತ ನನಗೆ ಬದುಕಿನ ಅರ್ಥ ಹೊಳೆಯಬೇಕಿತ್ತು, ಹಾಗೆ ಹೊಳೆಯುವಾಗ ಪಕ್ಕದಲ್ಲಿ ಹಿಂಡಿಯ ಚೀಲದವರು ಇದ್ದರೆ ಹೊಂದುತ್ತಿರಲಿಲ್ಲ. ಅವರನ್ನು ಅಳಿಸಿದೆ. ಸಾಲಿನಲ್ಲಿದ್ದ ಉಳಿದವರನ್ನೂ ಅಳಿಸಿದೆ. ಮರದ ಬೊಡ್ಡೆಗಳನ್ನು ಮಾತ್ರ ಉಳಿಸಿಕೊಂಡು, ಅವು ತಪಸ್ಸಿಗೆ ನಿಂತ ಋಷಿಗಳಂತಿದ್ದವೆಂದು ಬರೆದೆ. ಪತ್ರಿಕೆಯಲ್ಲಿ ಅಚ್ಚಾಗಿ ಒಂದು ತಿಂಗಳ ಮೇಲೆ ಸಂಪಾದಕರು ಓದುಗರೊಬ್ಬರ ಪೋಸ್ಟ್ ಕಾರ್ಡನ್ನು ನನಗೆ ಕಳುಹಿಸಿದರು. ಅದರಲ್ಲಿ ಎರಡೇ ಸಾಲು: ‘ಅವು ಋಷಿಗಳಲ್ಲ ಸ್ವಾಮಿ, ನಮ್ಮೂರಿನ ಮರಗಳು. ಹಲಸಿನದ್ದು ಯಾವುದು, ಮಾವಿನದ್ದು ಯಾವುದು ಎಂದು ನಮ್ಮ ತಾಯಿ ಹೇಳುತ್ತಿದ್ದರು.’ ಆ ಕಾರ್ಡು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಊರನ್ನು ಒಂದು ಸಲ ನೀರು ಖಾಲಿ ಮಾಡಿತ್ತು, ಎರಡನೆಯ ಸಲ ನನ್ನ ಲೇಖನ ಖಾಲಿ ಮಾಡಿತೆಂದು ಅಂದು ಅನ್ನಿಸಿದ್ದು ಇಂದಿಗೂ ಬದಲಾಗಿಲ್ಲ.

ಈ ಕಾರಣದಿಂದಲೇ ನಿಮ್ಮ ಎಂಟು ಪುಟಗಳಲ್ಲಿ ‘ನಾನು’ ಎಂಬ ಪದವನ್ನು ಕೆಂಪು ಪೆನ್ಸಿಲಿನಿಂದ ಸುತ್ತುಹಾಕುತ್ತಾ ಹೋದೆ; ನಲವತ್ತೊಂದು ಸಿಕ್ಕವು. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ ಅರ್ಧಕ್ಕಿಂತ ಹೆಚ್ಚು ‘ನಾನು’ಗಳನ್ನು ವಾಕ್ಯ ಕೆಡದಂತೆ ತೆಗೆಯಬಹುದು, ಅದು ಸುಲಭದ ಕೆಲಸ. ಕಷ್ಟದ್ದು ಬೇರೆ ಇದೆ. ಒಬ್ಬರೇ ಹೋದೆವೆಂಬ ಹೆಮ್ಮೆಯನ್ನು ಕಾಪಾಡಿಕೊಳ್ಳಲು ದಾರಿಯಲ್ಲಿ ಸಿಕ್ಕವರನ್ನೆಲ್ಲ ಲೇಖನದಿಂದ ಇಳಿಸಿಬಿಡುವ ಅಭ್ಯಾಸ ನಮ್ಮ ಪ್ರವಾಸ ಬರವಣಿಗೆಯಲ್ಲಿ ಬಲವಾಗಿ ಬೇರೂರಿದೆ. ನಿಜವಾಗಿ ನೋಡಿದರೆ, ಒಬ್ಬರೇ ಹೋದಾಗಲೇ ಪರರ ಹಂಗು ಹೆಚ್ಚು. ಟೈರು ಪಂಕ್ಚರ್ ಆದಾಗ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲದೆ ನಕಾಶೆ ಕೈಕೊಟ್ಟಾಗ, ಹೊತ್ತು ಮುಳುಗಿದ ಮೇಲೆ ಊಟ ಎಲ್ಲಿ ಸಿಗುತ್ತದೆಂದು ಕೇಳುವಾಗ, ಗುರುತಿಲ್ಲದವರ ಮುಖ ನೋಡಿ ಮಾತನಾಡಿಸದೆ ವಿಧಿಯಿಲ್ಲ. ಗೆಳೆಯರ ಗುಂಪಿನಲ್ಲಿ ಹೋದವರಿಗೆ ಆ ಭಾಗ್ಯವಿಲ್ಲ, ಅವರು ತಮ್ಮೊಳಗೇ ಮಾತನಾಡಿಕೊಂಡು ಬರುತ್ತಾರೆ.

ಸೇತುವೆಯ ಬಗ್ಗೆ ಒಂದು ಎಚ್ಚರಿಕೆ. ಲಾಂಚಿನ ಕಾಲ ಎಷ್ಟು ಸುಂದರವಾಗಿತ್ತು, ಅದನ್ನು ನೋಡುವ ಭಾಗ್ಯ ನನಗಿಲ್ಲದೆ ಹೋಯಿತು ಎಂದು ಯಾರದೋ ಹಂಬಲವನ್ನು ಕಡ ತಂದು ಬರೆದಿದ್ದೀರಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಣ ಆ 2.44 ಕಿಲೋಮೀಟರ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕಾಗಿ ಆ ಭಾಗದ ಜನ ದಶಕಗಳ ಕಾಲ ಮನವಿ, ಹೋರಾಟಗಳನ್ನು ಮಾಡುತ್ತಲೇ ಬಂದಿದ್ದರು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಸುತ್ತು ದಾರಿಯಲ್ಲಿ ಸಾಗಿಸಬೇಕಿತ್ತು. ನೀರು ತೀರಾ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸುತ್ತಿದ್ದರು. ನನಗೆ ಆ ಮೂರು ಗಂಟೆಯ ಕಾಯುವಿಕೆಯಿಂದ ಒಂದು ಕಥೆ ದಕ್ಕಿತು ನಿಜ, ಆದರೆ ಅದು ರಜೆಯಲ್ಲಿ ಹೋಗಿದ್ದವನ ಲಾಭ. ಇಷ್ಟನ್ನು ಒಪ್ಪಿಕೊಂಡ ಮೇಲೂ ನಿಮಗೊಂದು ಕಷ್ಟ ಉಳಿಯುತ್ತದೆ: ನೀವು ಆ ನೀರನ್ನು ದಾಟಲು ತೆಗೆದುಕೊಂಡದ್ದು ಮೂರೋ ನಾಲ್ಕೋ ನಿಮಿಷ, ಆ ನಿಮಿಷಗಳಲ್ಲಿ ಯಾರೂ ನಿಮಗೆ ತಮ್ಮ ಅಜ್ಜನ ಮನೆಯ ದಾರಿ ಹೇಳಲಾರರು. ಆದ್ದರಿಂದ ನೀವು ಬೇಕೆಂದೇ ನಿಲ್ಲಬೇಕು, ಸೇತುವೆಯ ಮೇಲಲ್ಲ, ಅದರ ಆಚೆ ಬದಿಯ ಊರಿನಲ್ಲಿ.

ಪದಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ರಮಣೀಯ, ಮನಮೋಹಕ, ನಯನಮನೋಹರ ಎಂಬ ಮೂರು ಪದಗಳನ್ನು ಕಂಡಲ್ಲೆಲ್ಲ ಹೊಡೆದುಹಾಕಿದ್ದೇನೆ, ಅವುಗಳ ಜಾಗದಲ್ಲಿ ಬೇರೆ ವಿಶೇಷಣ ಇಡಬೇಡಿ. ಬದಲಿಗೆ ದಾರಿಯುದ್ದಕ್ಕೂ ಬದಲಾಗುವ ಹೆಸರುಗಳನ್ನು, ಕೆಲಸಗಳನ್ನು ಗಮನಿಸಿ: ಸಾಗರದ ಕಡೆ ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲು ಘಾಟಿ ಇಳಿಯುವಷ್ಟರಲ್ಲಿ ಮುರಕಲ್ಲಾಗುತ್ತದೆ. ಮೇಲೆ ಅಡಿಕೆಯನ್ನು ಸುಲಿದು ಬೇಯಿಸಿ, ಬೇಯಿಸಿದ ನೀರಿನ ಚೊಗರಿನಿಂದ ಬಣ್ಣ ಕಟ್ಟಿ ಕೆಂಪಡಿಕೆ ಮಾಡುತ್ತಾರೆ, ಕೆಳಗೆ ಸಿಪ್ಪೆಸಹಿತ ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ನೀವು ಹೋದದ್ದು ಅಡಿಕೆಗೊನೆಯ ಕೊಯ್ಲು ಶುರುವಾಗುವ ಕಾಲ. ತುಮರಿಯ ಆಸುಪಾಸಿನಲ್ಲಿ ಕಾರಿನ ಗಾಜು ಇಳಿಸಿದ್ದರೆ ಅಡಿಕೆ ಬೇಯುವ ಒಗರು ವಾಸನೆ ಮೂಗಿಗೆ ತಾಗಿರಲೇಬೇಕು. ಎಂಟು ಪುಟಗಳಲ್ಲಿ ಒಂದು ವಾಸನೆಯೂ ಇಲ್ಲದಿರುವುದನ್ನು ನೋಡಿ, ನೀವು ಎಸಿ ಹಾಕಿಕೊಂಡೇ ಮಲೆನಾಡು ದಾಟಿದಿರೇನೋ ಎಂದು ನನಗೆ ಅನುಮಾನ ಬಂತು. ಹಾಗೆಯೇ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ನದಿ, ನಡುವೆ ಹೆದ್ದಾರಿ ಎಂಬ ವಾಕ್ಯ ಅಲ್ಲಿಗೆ ಹೋದ ಪ್ರತಿಯೊಬ್ಬರದ್ದೂ ಆಗಿದೆ. ಅದನ್ನು ಬಿಟ್ಟು, ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಮೇಲೆ ನೀವು ಕುಳಿತ ಅರ್ಧ ಗಂಟೆಯನ್ನು ಬರೆದರೆ, ಆ ರಸ್ತೆ ಎಷ್ಟು ತೆಳ್ಳಗಿನ ಮರಳಿನ ಮೇಲೆ ನಿಂತಿದೆಯೆಂಬುದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ಸಾಧ್ಯವಾದರೆ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಹೋಗಿ ಬನ್ನಿ. ಆಗ ಈಗಿನ ಲೇಖನದ ಅರ್ಧ ಉಳಿಯುವುದಿಲ್ಲ, ಅದಕ್ಕೆ ಬೇಸರಪಡಬೇಡಿ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂತಿರುಗಿಸಿದ್ದೇನೆ. ಎಲ್ಲ ಪುಟಗಳಲ್ಲೂ ಗುರುತು ಹಾಕಿದ್ದೇನೆ, ಐದನೆಯದರಲ್ಲಿ ಮಾತ್ರ ಇಲ್ಲ. ತುಮರಿಯ ಚಹಾದಂಗಡಿಯ ಹೆಂಗಸು ಲೋಟ ಮುಂದಿಡುತ್ತಾ, ‘ಒಬ್ರೇ ಬಂದ್ರಾ? ಮನೇಲಿ ಯಾರೂ ಇಲ್ವಾ?’ ಎಂದು ಕೇಳಿದ್ದನ್ನು ನೀವು ನಿಮ್ಮ ಸ್ವಾತಂತ್ರ್ಯದಲ್ಲಿ ಅನ್ಯರು ಮೂಗು ತೂರಿಸಿದ್ದಕ್ಕೆ ಉದಾಹರಣೆಯಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ಇಡೀ ಲೇಖನದಲ್ಲಿ ನಾನು ಮೂರು ಸಲವೂ ನಿಂತು ಓದಿದ ವಾಕ್ಯ ಅದೊಂದೇ. ಅವರ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ ಎಂಬುದು ಅಲ್ಲಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ಮೊದಲು ಬರೆಯಿರಿ.

ನಿಮ್ಮ ಹಿತೈಷಿ