ವರ್ಷದ ಕೊನೆಯ ದಿನ ಟಿಕೆಟ್ ಬ್ಯಾಗು ಒಪ್ಪಿಸಿದ ಮೇಲೆ

ಡಿಸೆಂಬರ್ 31ರ ಸಂಜೆ ಚಿಕ್ಕಮಗಳೂರಿನ ಡಿಪೋದಲ್ಲಿ ಟಿಕೆಟ್ ಯಂತ್ರವನ್ನೂ ವೇ ಬಿಲ್ಲನ್ನೂ ಆ ದಿನದ ಹಣವನ್ನೂ ಕೊನೆಯ ಬಾರಿಗೆ ಒಪ್ಪಿಸಿ, ಬಸ್ ನಿರ್ವಾಹಕಿಯ ಕೆಲಸದಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ಸಭೆಯಲ್ಲಿ ಸಹೋದ್ಯೋಗಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಎರಡು ಮಾತನಾಡಬೇಕೆಂದು ಕೇಳಿದಾಗ ಗಂಟಲು ಕಟ್ಟಿತು. ಎಲ್ಲರಿಗೂ ಕೈಮುಗಿದು ಕುಳಿತುಬಿಟ್ಟೆ. ಅಂದು ಹೇಳದೆ ಉಳಿದದ್ದನ್ನು ಬರೆದಾದರೂ ತಲುಪಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಕೆಲವರಾದರೂ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮಾರ್ಗಗಳಲ್ಲಿ ನನ್ನ ಕೈಯಿಂದ ಟಿಕೆಟ್ ಪಡೆದವರಿರಬಹುದು.

ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ ಎಂಬುದು ನಿಯಮ. ನಾನು ಹುಟ್ಟಿದ್ದು ಡಿಸೆಂಬರಿನಲ್ಲಾದ್ದರಿಂದ ಕೆಲಸ ಮುಗಿದದ್ದೂ ವರ್ಷದ ಕೊನೆಯ ರಜೆಯ ಗದ್ದಲದ ನಡುವೆಯೇ ಆಯಿತು, ಮತ್ತು ಅದು ನನಗೆ ಸರಿಯೆಂದೇ ತೋರಿತು. ಸೇವೆಯ ಇಷ್ಟೂ ವರ್ಷಗಳಲ್ಲಿ ನಾನು ಹೆಚ್ಚು ದಣಿದದ್ದು, ಹೆಚ್ಚು ನೊಂದದ್ದು, ಹೆಚ್ಚು ಪ್ರೀತಿ ಪಡೆದದ್ದು ಎಲ್ಲವೂ ಕಾರ್ತಿಕದಿಂದ ಸಂಕ್ರಾಂತಿಯವರೆಗಿನ ಈ ಚಳಿಯ ದಿನಗಳಲ್ಲೇ. ಆದ್ದರಿಂದ ಯಾರಿಗೆ ಕೃತಜ್ಞತೆ ಹೇಳಬೇಕೆಂದು ಯೋಚಿಸಲು ಕುಳಿತರೆ ನೆನಪಿಗೆ ಬರುವ ಮುಖಗಳೆಲ್ಲವೂ ಸ್ವೆಟರು, ಕಂಬಳಿ, ಮಫ್ಲರ್‌ಗಳ ನಡುವಿನಿಂದಲೇ ಕಾಣಿಸುತ್ತವೆ.

ನಮ್ಮ ಜಿಲ್ಲೆಯಲ್ಲಿ ಚಳಿಗಾಲವೆಂದರೆ ಊರಿಗೆ ಊರೇ ರಸ್ತೆಯ ಮೇಲಿರುವ ಕಾಲ. ಕಾರ್ತಿಕ ಮಾಸದ ಕೊನೆಗೆ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೊರಟವರಿಂದ ಕೆ.ಎಂ. (ಕಡೂರು–ಮಂಗಳೂರು) ರಸ್ತೆಯ ಬಸ್ಸುಗಳು ತುಂಬತೊಡಗುತ್ತವೆ. ಮಾಲೆ ಧರಿಸಿದ ಅಯ್ಯಪ್ಪ ಸ್ವಾಮಿಗಳು ಇರುಮುಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾರೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್ ಗಿರಿಯ ಕಡೆ ಪೊಲೀಸ್ ಬಂದೋಬಸ್ತ್ ಬಿಗಿಯಾಗಿ ಬಸ್ಸುಗಳ ವೇಳೆ ಏರುಪೇರಾಗುತ್ತದೆ. ತೋಟಗಳಲ್ಲಿ ಅರೇಬಿಕಾ ಕುಯ್ಲು ಬಿರುಸಾಗಿ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುವುದರಿಂದ, ಹಣ್ಣು ಕೊಯ್ಯಲು ಹೋಗುವ ಹೆಂಗಸರು ಬುತ್ತಿಯೊಡನೆ ಬೆಳಗಿನ ಮೊದಲ ಬಸ್ಸಿಗೇ ಹತ್ತುತ್ತಾರೆ. ಬಯಲು ಸೀಮೆಯ ಕಡೆಯಿಂದ ಬರುವ ಬಸ್ಸಿನಲ್ಲಿ ಅವರೆಕಾಯಿಯ ಚೀಲಗಳು ಓಡಾಡುವ ಜಾಗವನ್ನೆಲ್ಲ ತುಂಬಿ, ಸೊಗಡಿನ ವಾಸನೆ ಸಮವಸ್ತ್ರಕ್ಕೆ ಅಂಟಿ ಮನೆಯವರೆಗೂ ಬರುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುವುದೂ ಇದೇ ದಿನಗಳಲ್ಲಿ. ಇವೆಲ್ಲದರ ಮೇಲೆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆ ಬಂದು, ಬೆಂಗಳೂರಿನಿಂದ ಮುಳ್ಳಯ್ಯನಗಿರಿ ನೋಡಲು ಹೊರಟವರ ವಾಹನಗಳು ಕೈಮರದ ಚೆಕ್‌ಪೋಸ್ಟಿನ ಮುಂದೆ ನಿಂತುಬಿಟ್ಟರೆ, ನಮ್ಮ ವೇಳಾಪಟ್ಟಿಗೆ ಅರ್ಥವೇ ಉಳಿಯುತ್ತಿರಲಿಲ್ಲ.

ಈ ಸಡಗರವನ್ನು ನಾನು ಒಂದೇ ಮನಸ್ಸಿನಿಂದ ಕಂಡವಳಲ್ಲ. ಇತರರ ರಜೆಯೆಂದರೆ ನಮಗೆ ಹೆಚ್ಚುವರಿ ಬಸ್ಸು, ಹೆಚ್ಚುವರಿ ಪಾಳಿ. ಜನ ನಿಲ್ದಾಣದಲ್ಲಿ ಮಕ್ಕಳೊಡನೆ ಕಾಯುತ್ತಿರುವಾಗ ನಾವು ರಜೆ ಕೇಳುವುದು ನ್ಯಾಯವಲ್ಲವೆಂದು ನಮ್ಮಲ್ಲಿ ಹೆಚ್ಚಿನವರು ಕೇಳುತ್ತಲೇ ಇರಲಿಲ್ಲ. ಆದರೂ ಮನೆಮಂದಿಯೆಲ್ಲ ಕೂಡಿ ಹೊರಟ ಒಂದು ಸಂಸಾರಕ್ಕೆ ಟಿಕೆಟ್ ಕೊಡುವಾಗ, ಆ ತಾಯಿ ಮಗುವಿಗೆ ಕುಲಾವಿ ಕಟ್ಟುವುದನ್ನು ಕಂಡರೆ, ನನ್ನ ಮಗಳಿಗೆ ಅಷ್ಟು ಹೊತ್ತಿಗೆ ಯಾರಾದರೂ ಬೆಚ್ಚಗೆ ಹೊದಿಸಿದ್ದಾರೋ ಇಲ್ಲವೋ ಎಂದು ಮನಸ್ಸು ಮನೆಗೆ ಓಡುತ್ತಿತ್ತು. ಹಿಂದಿನ ಸೀಟುಗಳಲ್ಲಿ ಕಾಲೇಜು ಹುಡುಗರು ಹಾಡಿ ಕುಣಿಯುವಾಗ ಒಮ್ಮೆ ಸಂತೋಷವಾಗುತ್ತಿತ್ತು, ಇನ್ನೊಮ್ಮೆ ಆ ಸದ್ದು ಕೇಳಲಾರದೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದೆ. ಎರಡೂ ನಿಜವಾಗಿತ್ತು. 2020ರ ಡಿಸೆಂಬರಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ, ಪ್ರವಾಸದ ಮಕ್ಕಳು ಒಬ್ಬರೂ ಬಾರದೆ, ಬೇಲೂರಿನ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರು ಬುಟ್ಟಿಯ ಮುಂದೆ ಸುಮ್ಮನೆ ಕುಳಿತಿದ್ದ ಆ ಚಳಿಗಾಲ ನನಗೆ ಎಲ್ಲಕ್ಕಿಂತ ದೀರ್ಘವೆನಿಸಿತು. ಆ ವರ್ಷ ದಣಿವು ಕಡಿಮೆಯಿತ್ತು, ಆದರೆ ಮನೆಗೆ ಬಂದು ಹೇಳಲು ಏನೂ ಇರುತ್ತಿರಲಿಲ್ಲ.

ಮೊದಲು ನೆನೆಯಬೇಕಾದವರು ನನ್ನ ಮಗಳ ಶಾಲೆಯ ಒಬ್ಬ ಶಿಕ್ಷಕಿ. ಮಗಳು ಆರನೆಯ ತರಗತಿಯಲ್ಲಿದ್ದಾಗ ಪ್ರವಾಸಕ್ಕೆ ನಸುಕಿನಲ್ಲೇ ಹೊರಡಬೇಕಿತ್ತು. ನಾನು ಅದಕ್ಕೂ ಮುಂಚೆ ಡ್ಯೂಟಿಗೆ ಹೊರಟಿದ್ದೆ. ಜಡೆ ಹಾಕಿ, ಬುತ್ತಿ ಕಟ್ಟಿ ಕಳುಹಿಸಿದವರು ನಮ್ಮ ಅತ್ತೆಯವರು. ಬೆಳಿಗ್ಗೆ ನನ್ನ ಬಸ್ಸು ಬೇಲೂರಿನಲ್ಲಿ ನಿಂತಿದ್ದಾಗ ಆ ಶಾಲೆಯ ಮಕ್ಕಳು ದೇವಸ್ಥಾನದ ಕಡೆ ಸಾಲಾಗಿ ನಡೆದುಹೋಗುತ್ತಿದ್ದರು. ನನ್ನ ಸಮವಸ್ತ್ರವನ್ನು ದೂರದಿಂದಲೇ ಗುರುತಿಸಿದ ಆ ಶಿಕ್ಷಕಿ, ಉಳಿದ ಮಕ್ಕಳನ್ನು ಜೊತೆಯವರಿಗೆ ಒಪ್ಪಿಸಿ, ನನ್ನ ಮಗಳ ಕೈಹಿಡಿದು ಬಸ್ಸಿನವರೆಗೆ ಕರೆತಂದರು. "ಅಮ್ಮಾ, ನೀನೂ ದೇವಸ್ಥಾನ ನೋಡೋಕೆ ಬಂದ್ಯಾ?" ಎಂದು ಅವಳು ಕೇಳಿದಳು. ದಿನವೂ ಬೇಲೂರನ್ನು ಹಾದುಹೋಗುತ್ತಿದ್ದರೂ ಅವಳೊಡನೆ ಆ ಗುಡಿಯನ್ನು ಒಮ್ಮೆಯೂ ನೋಡಿರಲಿಲ್ಲವಾದ್ದರಿಂದ ಏನು ಹೇಳಬೇಕೆಂದು ತೋಚದೆ ಅವಳ ತಲೆ ಸವರಿದೆ. ಆಗ ಶಿಕ್ಷಕಿಯೇ, "ನಿಮ್ಮಮ್ಮ ಎಲ್ಲರನ್ನೂ ಇಲ್ಲಿಗೆ ಕರೆದುಕೊಂಡು ಬರ್ತಾರೆ ಕಣೆ" ಎಂದರು. ಆ ಒಂದು ಮಾತಿನಿಂದ ನನ್ನ ಮಗಳ ಕಣ್ಣಿನಲ್ಲಿ ನನ್ನ ಕೆಲಸದ ಬೆಲೆ ಬೇರೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದಿನ, ಈಗ ಬೇರೆ ಊರಿನಲ್ಲಿ ಕೆಲಸದಲ್ಲಿರುವ ಅವಳು ಫೋನು ಮಾಡಿ ಅದೇ ಮಾತನ್ನು ನೆನಪಿಸಿದಳು. ಆ ವರ್ಷದ ಚಳಿಗಾಲದಲ್ಲಿ ನನ್ನ ವಾರದ ರಜೆಯ ದಿನ ಇಬ್ಬರೂ ಹೋಗಿ, ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಒಂದೊಂದು ಮದನಿಕೆಯ ಮುಂದೆಯೂ ನಿಂತು, ಬಸ್ಸಿನ ವೇಳೆ ನೋಡದೆ ನೋಡಿದೆವು. ಮೇಡಂ, ನೀವು ಎಲ್ಲಿದ್ದರೂ ನಿಮಗೆ ನನ್ನ ನಮಸ್ಕಾರ.

ಕ್ರಿಸ್‌ಮಸ್ಸಿನ ಹಿಂದಿನ ದಿನವೆಂದರೆ ಸಂಜೆಯ ಬಸ್ಸುಗಳಲ್ಲಿ ತೋಟದ ಕಾರ್ಮಿಕರ ಲೈನುಮನೆಗಳಿಂದ ಪಟ್ಟಣದ ಚರ್ಚಿಗೆ ಹೊರಟ ಹೆಂಗಸರು, ಹೊಸ ಬಟ್ಟೆ ತೊಟ್ಟ ಮಕ್ಕಳು, ಗೋದಲಿಗೆ ಹಾಸಲು ಒಣಹುಲ್ಲಿನ ಕಂತೆ ಹಿಡಿದ ಹುಡುಗರು. ಮೂಡಿಗೆರೆಯ ಕಡೆಯ ಒಬ್ಬ ಕೊಂಕಣಿ ಅಜ್ಜಿ ಪ್ರತಿ ವರ್ಷವೂ ಒಂದು ಡಬ್ಬಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ಸಿನ ತಿಂಡಿ, ತಂದು, ನೆವ್ರಿಯೂ ಕೊಕ್ಕಿಸೂ ಮುರಿಯದಂತೆ ಜೋಡಿಸಿದ್ದನ್ನು ನನ್ನ ಸೀಟಿನ ಮೇಲಿಟ್ಟು, ಚಾಲಕರಿಗೆ ಅರ್ಧ ನನಗೆ ಅರ್ಧ ಎಂದು ಹೇಳಿ ಇಳಿಯುತ್ತಿದ್ದರು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಅತ್ತೆಯವರು ಅದರಲ್ಲಿ ಎಳ್ಳು ಬೆಲ್ಲ ತುಂಬಿ ಸಂಕ್ರಾಂತಿಗೆ ಕಳುಹಿಸುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿದವರಲ್ಲ, ಆದರೆ ಅಜ್ಜಿ ತೀರಿಕೊಂಡ ಸುದ್ದಿ ತಂದಾಗ ಅತ್ತೆಯವರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಿಯ ಸೊಸೆ ಈ ಡಿಸೆಂಬರಿನಲ್ಲೂ ಡಬ್ಬಿ ತಂದುಕೊಟ್ಟರು. ಅದು ನನ್ನ ಕೊನೆಯ ವರ್ಷವೆಂದು ಅವರಿಗೆ ತಿಳಿದಿತ್ತು.

ಇನ್ನು ಹೇಳಲಿರುವುದು ಕಷ್ಟದ ಮಾತು. ನನ್ನ ತಂದೆಯವರು ಅರಕಲಗೂಡಿನ ಕಡೆಯ ನಮ್ಮ ತವರಿನಲ್ಲಿ ತೀರಿಕೊಂಡದ್ದು ಡಿಸೆಂಬರಿನ ಕೊನೆಯ ವಾರದಲ್ಲಿ. ಸುದ್ದಿ ಬಂದಾಗ ನಾನು ಮೂಡಿಗೆರೆಯ ನಿಲ್ದಾಣದಲ್ಲಿದ್ದೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹೊರಡುವ ವೇಳೆಯಾಗಿತ್ತು. ರಜೆಯ ದಟ್ಟಣೆಯಿಂದಾಗಿ ಬದಲಿಗೆ ಕಳುಹಿಸಲು ಯಾರೂ ಇರಲಿಲ್ಲ. ಅಲ್ಲಿನ ಸಂಚಾರ ನಿಯಂತ್ರಕರು ಅಲ್ಲೇ ಊರಿನಲ್ಲಿದ್ದ ಒಬ್ಬ ನಿರ್ವಾಹಕರಿಗೆ ಫೋನು ಮಾಡಿದರು. ಅಂದು ಅವರಿಗೆ ವಾರದ ರಜೆ. ಹೆಂಡತಿ ಮಕ್ಕಳನ್ನು ಹೊರನಾಡಿಗೆ ಕರೆದೊಯ್ಯಲು ಸಿದ್ಧರಾಗಿದ್ದವರು, ಮನೆಯ ಬಟ್ಟೆಯಲ್ಲೇ ಬಂದು, ಸಮವಸ್ತ್ರವನ್ನು ಅಲ್ಲೇ ಬದಲಾಯಿಸಿಕೊಂಡು, ನನ್ನ ಕೈಯಿಂದ ಬ್ಯಾಗನ್ನು ತೆಗೆದುಕೊಂಡರು. ಟಿಕೆಟ್ಟಿಗೂ ಹಣಕ್ಕೂ ತಾಳೆ ನೋಡಿ ಒಪ್ಪಿಸುವಾಗ ನನ್ನ ಕೈ ನಡುಗುತ್ತಿದ್ದುದನ್ನು ಕಂಡು, "ಅಕ್ಕ, ನೀವು ಹೊರಡಿ, ಹೆಚ್ಚು ಕಡಿಮೆ ಆದರೆ ನಾನು ನೋಡಿಕೊಳ್ತೀನಿ" ಎಂದರು. ಅಷ್ಟೂ ಹೊತ್ತು ಆ ತುಂಬಿದ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕರೂ ತಡವಾಯಿತೆಂದು ಕೂಗಲಿಲ್ಲ. ಹೊಸ ವರ್ಷಕ್ಕೆಂದು ಬಂದಿದ್ದ ಬೆಂಗಳೂರಿನ ಹುಡುಗರು ಹಾಡು ನಿಲ್ಲಿಸಿ ಇಳಿದು, ಹಾಸನದ ಬಸ್ಸು ಎಲ್ಲಿದೆಯೆಂದು ಹುಡುಕಿ, ನನ್ನನ್ನು ಹತ್ತಿಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟುಹೋದರು. ಅವರ ಹೆಸರುಗಳನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪ್ರವಾಸಿಗರೆಂದರೆ ಗದ್ದಲವೆಂದು ನಮ್ಮ ಊರಿನವರು ಬೇಸರದಿಂದ ಮಾತನಾಡುವಾಗಲೆಲ್ಲ, ಕಸ ಎಸೆಯುವುದನ್ನೂ ರಸ್ತೆಯ ನಡುವೆ ವಾಹನ ನಿಲ್ಲಿಸುವುದನ್ನೂ ನಾನೂ ಖಂಡಿಸುತ್ತೇನೆ, ಆದರೆ ಆ ಹುಡುಗರನ್ನು ಬಿಟ್ಟು ಮಾತನಾಡಲು ನನಗೆ ಆಗುವುದಿಲ್ಲ. ಅಂದಿನಿಂದ ವರ್ಷದ ಕೊನೆಯ ವಾರ ನನಗೆ ತಂದೆಯ ತಿಥಿಯ ವಾರವೂ ಆಯಿತು. ದೀಪಗಳನ್ನು ಕಂಡರೆ ಹಿಗ್ಗೂ ಬರುತ್ತದೆ, ಅಳುವೂ ಬರುತ್ತದೆ. ಯಾವುದು ಮೊದಲು ಎಂದು ಹೇಳಲಾರೆ.

ನನ್ನೊಡನೆ ದುಡಿದ ಚಾಲಕರಿಗೆ ಎಷ್ಟು ಕೈಮುಗಿದರೂ ಸಾಲದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜಿನಲ್ಲಿ ಮುಂದಿನ ತಿರುವು ಕಾಣದಿದ್ದರೂ, ಹಿಂದಿನಿಂದ ಕಾರುಗಳು ಹಾರ್ನ್ ಒತ್ತುತ್ತಲೇ ಇದ್ದರೂ, ಅವರು ಅವಸರಪಡದೆ ಬಸ್ಸು ನಡೆಸಿದ್ದರಿಂದಲೇ ನಾವೆಲ್ಲ ಮನೆ ಸೇರಿದೆವು. 2019ರ ಆಗಸ್ಟಿನ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ದೊಡ್ಡ ವಾಹನಗಳ ಸಂಚಾರ ನಿಂತಾಗ, ಧರ್ಮಸ್ಥಳಕ್ಕೆ ಹೇಗೆ ಹೋಗುವುದೆಂದು ಕೇಳುತ್ತಿದ್ದ ಒಬ್ಬೊಬ್ಬರಿಗೂ ಸಹನೆಯಿಂದ ದಾರಿ ಹೇಳುತ್ತಿದ್ದವರೂ ಅವರೇ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಚಳಿಗಾಲದ ಬಸ್ಸಿನ ಚಹರೆಯೇ ಬದಲಾಯಿತು. ಇದರಿಂದ ನೂಕುನುಗ್ಗಲು ಹೆಚ್ಚಿತು, ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುವ ಕೆಲಸವೂ ಹೆಚ್ಚಿತು. ಆದರೆ ಹಣ್ಣು ಕೊಯ್ದು ಕೈ ಒರಟಾದ ಹೆಂಗಸರು ವಾರದ ಬಿಡುವಿಗೆ ಶೃಂಗೇರಿಗೋ ಹೊರನಾಡಿಗೋ ಹೊರಟು, "ಮದುವೆಯಾದ ಮೇಲೆ ಇದೇ ಮೊದಲು ಹೋಗ್ತಿರೋದು" ಎಂದು ನನಗೆ ಹೇಳಿದಾಗ, ಹೆಣ್ಣಾಗಿ ಆ ಟಿಕೆಟ್ಟನ್ನು ಅವರ ಕೈಗಿಡುವ ಅವಕಾಶ ನನಗೆ ಸಿಕ್ಕಿತಲ್ಲ ಎಂದು ನಿಜವಾಗಿ ಹೆಮ್ಮೆಪಟ್ಟೆ. ಆ ತಾಯಂದಿರಿಗೆ, ಚಿಲ್ಲರೆಯಿಲ್ಲದೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟಾಗ ನಂಬಿ ಕಾದವರಿಗೆ, ಬಾಣಂತಿಯರಿಗೆ ಸೀಟು ಬಿಟ್ಟುಕೊಡಿ ಎಂದಾಗ ಎದ್ದು ನಿಂತವರಿಗೆಲ್ಲ ನನ್ನ ವಂದನೆಗಳು.

ಮನೆಯವರ ವಿಷಯ ಬರೆಯಲು ಹೊರಟರೆ ಪುಟಗಳು ಸಾಲವು. ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮುಂಚೆ ಪೂಜೆ ಮಾಡಿ ಹುಗ್ಗಿ ನೈವೇದ್ಯ ಮಾಡುವುದು ನಮ್ಮ ಮನೆಯ ಪದ್ಧತಿ. ನಾನು ಡ್ಯೂಟಿಗೆ ಹೊರಡುವ ದಿನಗಳಲ್ಲಿ ಅತ್ತೆಯವರು ಇನ್ನೂ ಮುಂಚೆ ಎದ್ದು, ತಣ್ಣೀರಿನಲ್ಲಿ ಮಡಿಯುಟ್ಟು, ಹುಗ್ಗಿ ಬೇಯಿಸಿ, ನೈವೇದ್ಯವಾದ ತಕ್ಷಣ ಬಿಸಿಯಾಗಿಯೇ ನನ್ನ ಡಬ್ಬಿಗೆ ಹಾಕಿಕೊಡುತ್ತಿದ್ದರು. ಸೊಸೆ ಹಬ್ಬದಲ್ಲಿ ಮನೆಯಲ್ಲಿಲ್ಲವೆಂದು ನೆಂಟರು ಆಡಿಕೊಂಡಾಗ ಅವರಿಗೆ ಉತ್ತರ ಕೊಟ್ಟವರೂ ಅತ್ತೆಯವರೇ. ನನ್ನ ಯಜಮಾನರು ಕತ್ತಲಿನಲ್ಲಿ ನನ್ನನ್ನು ಡಿಪೋದವರೆಗೆ ಬಿಡದೆ ಒಂದು ಚಳಿಗಾಲವನ್ನೂ ಕಳೆದವರಲ್ಲ.

ಈಗ ಬೆಳಗಿನ ಜಾವ ಎಚ್ಚರವಾಗುತ್ತದೆ, ಹೋಗಬೇಕಾದ ಜಾಗವಿಲ್ಲ. ಬಿಡುವು ಸಿಕ್ಕಿತೆಂಬ ಸುಖವಿದೆ, ಅದರೊಡನೆ ರಸ್ತೆಯ ಮೇಲಿರುವವರೆಲ್ಲ ನನ್ನನ್ನು ಬಿಟ್ಟು ಹೋಗುತ್ತಿದ್ದಾರೆಂಬ ಕಳವಳವೂ ಇದೆ. ಸಂಕ್ರಾಂತಿಗೆ ಮಗಳು ಬರುತ್ತಾಳೆ. ಅತ್ತೆಯವರು ಕೈ ನಡುಗುತ್ತಿದ್ದರೂ ಬೇರೆಯವರಿಗೆ ಬಿಡದೆ ಕೊಬ್ಬರಿ ಹೆಚ್ಚಿ ಒಣಗಿಸುತ್ತಿದ್ದಾರೆ. ಹಬ್ಬದ ದಿನ ಪೂಜೆಯಾದ ಮೇಲೆ ಮೂವರೂ ಚಿಕ್ಕಮಗಳೂರಿನ ಬಸ್ ನಿಲ್ದಾಣಕ್ಕೆ ಬಂದು, ಅಂದು ಪಾಳಿಯಲ್ಲಿರುವ ಚಾಲಕ, ನಿರ್ವಾಹಕ, ನಿಯಂತ್ರಕರೆಲ್ಲರಿಗೂ ಎಳ್ಳು ಬೀರುವುದೆಂದು ನಿಶ್ಚಯಿಸಿದ್ದೇವೆ. ಬೆಳಗಿನ ಬಸ್ಸುಗಳು ಹಿಂದಿರುಗುವ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತೇವೆ. ನನ್ನ ಹಳೆಯ ಪ್ರಯಾಣಿಕರು ಅತ್ತ ಬಂದರೆ ದಯವಿಟ್ಟು ಮಾತನಾಡಿಸಿ, ಎಳ್ಳು ಬೆಲ್ಲ ತೆಗೆದುಕೊಂಡು ಹೋಗಿ.