ಗುಲುವಿನಲ್ಲಿ ಆ ಮಕ್ಕಳನ್ನು ಎತ್ತಿಕೊಂಡವರಿಗೆ

ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಎಂಬ, ಮಕ್ಕಳನ್ನೂ ಹೆಂಗಸರನ್ನೂ ಕಾಡಿಗೆ ಅಪಹರಿಸುತ್ತಿದ್ದ ಬಂಡುಕೋರ ಪಡೆಯ ಕಮಾಂಡರ್ ಡೊಮಿನಿಕ್ ಒಂಗ್ವೆನ್ ಪ್ರಕರಣದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ಫೆಬ್ರವರಿ 28ರಂದು ಪರಿಹಾರದ ಆದೇಶ ಕೊಟ್ಟಿತು. ಉತ್ತರ ಉಗಾಂಡದ ಸುಮಾರು 49,772 ಸಂತ್ರಸ್ತರಿಗೆ ತಲಾ 750 ಯೂರೋ. ಕಾಡಿನಲ್ಲಿ ಬಲವಂತದ ಬಸಿರಿನಿಂದ ಹುಟ್ಟಿದ ಮಕ್ಕಳೂ ನೇರ ಸಂತ್ರಸ್ತರೇ ಎಂದು ಅದು ಒಪ್ಪಿತು. ಆ ಮಕ್ಕಳೂ ತಾಯಂದಿರೂ ಇಲ್ಲಿಯವರೆಗೆ ಬರಲು ನೆರವಾದವರಿಗೆ ಈ ಬರಹ.

ಮೊದಲು, ಆ ಪಡೆಯ ಕೈಗೆ ಸಿಕ್ಕಿದ್ದ, ಹೆಸರು ಹೊರಬೀಳದ ಏಳು ಹೆಂಗಸರಿಗೆ. ಮುಖ್ಯ ವಿಚಾರಣೆಗೂ ಮುಂಚೆ, 2015ರಲ್ಲೇ, ಮುಚ್ಚಿದ ಬಾಗಿಲೊಳಗೆ ಸಾಕ್ಷಿ ಹೇಳಿದರು. ತಡವಾದಷ್ಟೂ ಸಾಕ್ಷಿಗಳ ಮೇಲೆ ಒತ್ತಡ ಬೀಳುತ್ತದೆ, ಅದಕ್ಕೇ ಆ ಅವಸರ.

ಕಾಡಿನಿಂದ ಮರಳಿದವರನ್ನು ಅಂಗಳಕ್ಕೆ ಕರೆದುಕೊಂಡ, ಅಲ್ಲಿನ ಅಚೋಲಿ ಜನಾಂಗದ ಹಿರಿಯರಿಗೂ ವಂದನೆ. ಬಾಗಿಲಲ್ಲಿ ಒಂದು ಹಸಿ ಮೊಟ್ಟೆ, ನೊರೆ ಬರುವ ಒಪೊಬೊ ಗಿಡದ ಕಡ್ಡಿ, ಕಣಜದ ಮುಚ್ಚಳ ಎತ್ತುವ ಕವೆಗೋಲು ಲಯಿಬಿ. ಮೊಟ್ಟೆ ತುಳಿದು ಒಡೆದರೆ ಹೊರಗಿನ ಮೈಲಿಗೆ ಕಳೆಯಿತು, ಇನ್ನು ಒಂದೇ ಕಣಜದ ಅನ್ನ ಎಂದರ್ಥ. ಆದರೆ ಮೊಟ್ಟೆ ಒಡೆದ ಮಾತ್ರಕ್ಕೆ ಮಗುವಿಗೆ ಹೊಲ ಬರುವುದಿಲ್ಲ. ಅಲ್ಲಿ ಕುಲವೂ ಭೂಮಿಯೂ ಅಪ್ಪನ ಕಡೆಯಿಂದ. ಅಂಥ ಕಡೆ ಅಕ್ಕತಂಗಿಯರ ಮಕ್ಕಳಿಗೆ ತಮ್ಮ ಹೊಲದಲ್ಲೇ ಪಾಲು ಬಿಟ್ಟ ಸೋದರಮಾವಂದಿರ ಉಪಕಾರ ದೊಡ್ಡದು.

ಮರಳಿದ ತಾಯಂದಿರಿಗೆ ಹೊಲಿಗೆ ಕಲಿಸಿದವರಿಗಿಂತ ಮುಂಚೆ ಮಗು ಎತ್ತಿಕೊಂಡವರನ್ನು ನೆನೆಯಬೇಕು. ಕೂಸಿಗೆ ಜಾಗವಿಲ್ಲದ ತರಗತಿಗೆ ತಾಯಿ ಎರಡು ವಾರ ಬಂದಾಳು, ಮೂರನೆಯದಕ್ಕೆ ಬರುವುದಿಲ್ಲ. ಉತ್ತರ ಉಗಾಂಡದ ಗುಲು ಪಟ್ಟಣದ ಸೇಂಟ್ ಮೋನಿಕಾ ಹೊಲಿಗೆ ಶಾಲೆಯಲ್ಲಿ ಸಿಸ್ಟರ್ ರೋಸ್ಮೇರಿ ನ್ಯಿರುಂಬೆ ಮಕ್ಕಳನ್ನೂ ಒಳಗೆ ಕರೆದುಕೊಂಡಿದ್ದರ ಬೆಲೆ ಅದು. ಹೊಲಿಗೆ ಮಿಷನ್ ದಾನ ಕೊಟ್ಟವರೂ ಉಪಕಾರಿಗಳೇ. ಅವರಲ್ಲೂ ಬಿಡಿ ಸೂಜಿ, ಬಾಬಿನ್, ಎಣ್ಣೆ, ಇನ್ನೊಂದು ಬೆಲ್ಟ್ ಸೇರಿಸಿ ಕೊಟ್ಟವರಿಗೆ ಹೆಚ್ಚು ಋಣಿ. ಬೆಲ್ಟ್ ಹರಿದ ಕಾಲ್ಮಿಷನ್ ತಿಂಗಳೊಳಗೆ ಪಾತ್ರೆ ಇಡುವ ಮೇಜಾಗುತ್ತದೆ. ಮೊದಲ ಕೆಲಸವಾಗಿ ಶಾಲಾ ಸಮವಸ್ತ್ರ ಹೊಲಿಯಲು ಕೊಟ್ಟ ಮೇಷ್ಟ್ರುಗಳನ್ನಂತೂ ಮರೆಯುವಂತಿಲ್ಲ. ದಾಖಲಾತಿಯ ಸಾಲಿನಲ್ಲಿ ಎಲ್ಲರೆದುರು "ಅಪ್ಪನ ಹೆಸರು?" ಎಂದು ಕೂಗಿ ಕೇಳದೆ, ಆ ಜಾಗವನ್ನು ಸುಮ್ಮನೆ ಖಾಲಿ ಬಿಟ್ಟ ಗುಮಾಸ್ತರನ್ನೂ.

ಒಂಗ್ವೆನ್ ಕೈಯಲ್ಲಿ ಕಾಸಿಲ್ಲ. ಆ 750 ಯೂರೋ ಹೊಂದಿಸಬೇಕಾದ್ದು ನ್ಯಾಯಾಲಯದ ಸಂತ್ರಸ್ತರ ನಿಧಿ, ಅದನ್ನು ತುಂಬಬೇಕಾದವು ದೇಶಗಳು. ಅವಕ್ಕೆ ಹೇಳಬೇಕಾದ ಧನ್ಯವಾದವನ್ನು ದುಡ್ಡು ತಾಯಂದಿರ ಕೈಸೇರುವ ತನಕ ಬಾಕಿ ಇಟ್ಟುಕೊಂಡಿದ್ದೇವೆ.