ಹೋದ ವರ್ಷವೂ ಎದ್ದು ಬಂದಿದ್ದರಲ್ವಾ?

ಪ್ರಿಯ ಬಂಧುಗಳೇ,

ಬೆಳಿಗ್ಗೆ ನಮ್ಮ ಸಂಘದ ಸುದ್ದಿಪತ್ರ ಮುದ್ರಣಕ್ಕೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಯುಗಾದಿಯ ಫೋಟೋಗಳನ್ನೆಲ್ಲ ಜೋಡಿಸಿ ಈಗಷ್ಟೇ ಈ ಪುಟಕ್ಕೆ ಬಂದೆ. ಊಟದ ಹೊತ್ತಿಗೆ ನನ್ನ ಏಳು ವರ್ಷದ ಮಗಳು ಕೇಳಿದ ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಅಪ್ಪಾ, ಯೇಸುಸ್ವಾಮಿ ಹೋದ ವರ್ಷವೂ ಎದ್ದು ಬಂದಿದ್ದರಲ್ವಾ? ಈ ವರ್ಷ ಮತ್ತೆ ಯಾಕೆ?"

ಯೇಸುಸ್ವಾಮಿ ಸಾವಿನಿಂದ ಎದ್ದು ಬಂದದ್ದನ್ನು ನೆನೆಯುವ ಹಬ್ಬ ಈಸ್ಟರ್, ಈ ಸಲ ಏಪ್ರಿಲ್ 5ಕ್ಕೆ. ಊರಲ್ಲಿ ನಮ್ಮ ಮನೆಯವರು ಪಾಸ್ಕ ಹಬ್ಬ ಅನ್ನುತ್ತಿದ್ದರು. ಯುಗಾದಿಯ ಹಾಗೆ ಇದಕ್ಕೂ ಚಂದ್ರನೇ ಬೇಕು, ಮಾರ್ಚ್ 21 ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ.

ಮಗಳು ಕೇಳಿದಾಗ ನೆನಪಾಗಿದ್ದು ಬೆಳಗಾವಿ ಕ್ಯಾಂಪಿನ ಫಾತಿಮಾ ಕ್ಯಾಥೆಡ್ರಲ್, ಪವಿತ್ರ ಶನಿವಾರದ, ಅಂದರೆ ಈಸ್ಟರ್ ಹಿಂದಿನ ದಿನದ ರಾತ್ರಿ. ನನಗಾಗ ಒಂಬತ್ತೋ ಹತ್ತೋ ವರ್ಷ. ಗುರುವಾರದಿಂದ ಗಂಟೆ ಸುಮ್ಮನಿತ್ತು, ಒಳಗೆಲ್ಲ ಕತ್ತಲೆ, ನಾವೆಲ್ಲ ಹೊರಗೆ ಬೆಂಕಿಯ ಸುತ್ತ ನಿಂತಿದ್ದೆವು. ಫಾದರ್ ಆ ಹೊಸ ಬೆಂಕಿಯಿಂದ ದೊಡ್ಡ ಪಾಸ್ಕ ದೀಪ ಹಚ್ಚಿದರು. ಅದರ ಮೇಣದ ಮೇಲೆ ಶಿಲುಬೆ, ಸುತ್ತ ಆ ವರ್ಷದ ನಾಲ್ಕು ಅಂಕಿ. ಅದರಿಂದ ಒಬ್ಬರು ಹಚ್ಚಿಕೊಂಡರು, ಅವರಿಂದ ಇನ್ನೊಬ್ಬರು, ಹಾಗೇ ಹಿಂದಿನವರೆಗೂ ಬೆಳಕು ಬಂತು.

ನನ್ನ ಅಜ್ಜಿ ಮತ್ತು ಅವಳ ತಂಗಿ ಹಿತ್ತಲಿನ ಗೋಡೆಯ ಸಲುವಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಅಜ್ಜಿ ಈಸ್ಟರ್ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರದಿಂದ ಮಾಂಸ ಮುಟ್ಟಿರಲಿಲ್ಲ, ಯೇಸುಸ್ವಾಮಿ ಶಿಲುಬೆಯಲ್ಲಿ ಸತ್ತ ದಿನವಾದ ಶುಭ ಶುಕ್ರವಾರ ಬರೀ ಗಂಜಿ ಕುಡಿದಿದ್ದಳು, ಆದರೂ ತಂಗಿ ಎದುರು ಬಂದರೆ ಮುಖ ತಿರುಗಿಸುತ್ತಿದ್ದಳು. ಆ ರಾತ್ರಿ ಗಾಳಿ ಬೀಸಿ ಅಜ್ಜಿಯ ಮೇಣದಬತ್ತಿ ಆರಿತು. ನನ್ನದೂ ಆರಿತು. ಪಕ್ಕದಲ್ಲಿ ಉರಿಯುತ್ತಿದ್ದದ್ದು ಚಿಕ್ಕಜ್ಜಿಯದು ಒಂದೇ. ಅಜ್ಜಿ ಕದಲಲಿಲ್ಲ. ಚಿಕ್ಕಜ್ಜಿಯೇ ಸೆರಗು ಅಡ್ಡ ಹಿಡಿದು ಹತ್ತಿರ ಬಂದಳು. "ಹಚ್ಕೋ ಅಕ್ಕಾ, ಗಾಳಿ ಭಾಳ ಐತಿ." ಅಜ್ಜಿಯ ಕೈ ನಡುಗಿ ಬಿಸಿ ಮೇಣ ಚಿಕ್ಕಜ್ಜಿಯ ಹೆಬ್ಬೆರಳ ಮೇಲೆ ಬಿತ್ತು. ಬತ್ತಿ ಹೊತ್ತಿಕೊಳ್ಳುವವರೆಗೂ ಅವಳು ಕೈ ತೆಗೆಯಲಿಲ್ಲ.

ಆ ರಾತ್ರಿ ಪೂಜೆಯಲ್ಲಿ ಬೈಬಲ್ಲಿನಲ್ಲಿರುವ, ಸಂತ ಪೌಲರು ರೋಮ್‌ನ ಕ್ರೈಸ್ತರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದುತ್ತಾರೆ. ದೀಕ್ಷಾಸ್ನಾನದಲ್ಲಿ, ಅಂದರೆ ಕ್ರೈಸ್ತರಾಗುವಾಗ ಪಡೆಯುವ ನೀರಿನ ಸಂಸ್ಕಾರದಲ್ಲಿ, ಕ್ರಿಸ್ತನ ಜೊತೆ ನಾವೂ ಸತ್ತಿದ್ದೇವೆ, ಇನ್ನು ಹೊಸ ಬದುಕು ಬದುಕಬೇಕು ಅನ್ನುತ್ತದೆ ಅದು. ಆಮೇಲೆ ಪಾಪವನ್ನು ಬಿಡುತ್ತೀರಾ ಅಂತ ಫಾದರ್ ಕೇಳುತ್ತಾರೆ, ದೀಪ ಹಿಡಿದು ಎಲ್ಲರೂ ಬಿಡುತ್ತೇವೆ ಅನ್ನಬೇಕು. ಕೂಸಾಗಿದ್ದಾಗ ನಮ್ಮ ಪರವಾಗಿ ದೊಡ್ಡವರು ಕೊಟ್ಟ ಮಾತನ್ನು ವರ್ಷಕ್ಕೊಮ್ಮೆ ನಾವೇ ಬಾಯಿಬಿಟ್ಟು ಹೇಳುವುದು. ಮರುದಿನ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಮಟನ್ ಸಾರು ತುಂಬಿ ನನ್ನ ಕೈಲಿ ಚಿಕ್ಕಜ್ಜಿಯ ಮನೆಗೆ ಕಳಿಸಿದಳು. ಗೋಡೆ ಈಗಲೂ ಅಲ್ಲೇ ಇದೆ.

ಮಗಳಿಗೆ ಇದನ್ನೇ ಹೇಳಿದೆ. ಯೇಸುಸ್ವಾಮಿ ಎದ್ದದ್ದು ಒಂದೇ ಸಲ ಪುಟ್ಟಾ, ನಾವು ಮತ್ತೆ ಮತ್ತೆ ಬೀಳ್ತೀವಲ್ಲ, ಅದಕ್ಕೆ. "ಹಾಗಾದ್ರೆ ನೀನು ಯಾರ ಜೊತೆ ಮಾತು ಬಿಟ್ಟಿದ್ದೀಯಾ?" ಅಂದಳು. ಒಬ್ಬರಿದ್ದಾರೆ. ಹೋದ ದೀಪಾವಳಿಯ ಊಟದ ಲೆಕ್ಕದಲ್ಲಿ ನಾನೇ ಜೋರಾಗಿ ಮಾತಾಡಿದೆ, ತಪ್ಪು ನನ್ನದು. ಈ ಪುಟ ಅವರ ಕೈಸೇರುವ ಮುಂಚೆ ಅವರ ಮನೆ ಬಾಗಿಲಿಗೆ ಹೋಗುತ್ತೇನೆ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಬೇಗ ಬೇಗ: ನಮ್ಮ ಬಸವ ಜಯಂತಿ ಕಾರ್ಯಕ್ರಮ ಏಪ್ರಿಲ್ 25, ಶನಿವಾರ ಸಂಜೆ, ರೊಟ್ಟಿ ಮಾಡುವವರು ಹೆಸರು ಕೊಡಿ. ಕನ್ನಡ ತರಗತಿಗೆ ಈ ವಾರ ರಜೆ. ಸದಸ್ಯತ್ವದ ಹಣ ಬಾಕಿ ಇದ್ದವರು ದಯವಿಟ್ಟು ಕಟ್ಟಿ. ಈ ಸುದ್ದಿಪತ್ರವನ್ನು ಒಬ್ಬನೇ ಮಾಡುವುದು ನಿಜವಾಗಿ ಕಷ್ಟವಾಗುತ್ತಿದೆ, ಕನ್ನಡ ಟೈಪ್ ಮಾಡಬಲ್ಲ ಒಬ್ಬರು ಜೊತೆಗೆ ಬಂದರೆ ಸಾಕು. ಮತ್ತೆ ಈಸ್ಟರ್ ಹಿಂದಿನ ಶನಿವಾರ ರಾತ್ರಿ ನಮ್ಮ ಜೊತೆ ಚರ್ಚಿಗೆ ಬರುವವರು ಯಾರೇ ಆಗಲಿ, ಬನ್ನಿ. ಮೇಣ ಕೈಗೆ ಬೀಳದ ಹಾಗೆ ರಟ್ಟಿನ ಬಿಲ್ಲೆ ಕತ್ತರಿಸಿ ಇಟ್ಟಿದ್ದೇವೆ, ಒಟ್ಟು ಅರವತ್ತು.